ಸಮೀಪಗತಕಾಲದ ಪುರಾತತ್ತ್ವ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಪರಿಸರದ ಭೌತಿಕ ಆಧಾರಗಳು

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು ಕೃಷ್ಣಾ ನದಿಯ ಎರಡೂ ದಂಡೆಗಳಲ್ಲಿ ಹರಡಿಕೊಂಡಿವೆ. ಪಶ್ಚಿಮಕ್ಕೆ ದೂಧಗಂಗಾ, ವೇದಗಂಗಾ ನದಿಗಳ ಮಳೆಯುಳ್ಳ ಬಯಲು, ಪೂರ್ವಕ್ಕೆ ಅಥಣಿಯ ಮಳೆಗೊರತೆಯ ಎರೆನೆಲ, ಹೀಗೆ ಎರಡು ಬಗೆಯ ಭೂಗುಣ ಇಲ್ಲಿ ಸಂಧಿಸುತ್ತದೆ. ಸವದತ್ತಿಯ ರಟ್ಟರು ಹಾಗೂ ಕೊಲ್ಹಾಪುರದ ಶಿಲಾಹಾರರ ಆಳ್ವಿಕೆಯ ಶಾಸನಗಳಿಂದಾಗಿ ಈ ಪ್ರದೇಶವು ಜೆ.ಎಫ್. ಫ್ಲೀಟನ ಕಾಲದಿಂದಲೂ ವಿದ್ವಾಂಸರ ಗಮನಕ್ಕೆ ಬಂದಿದೆ. ಬಸದಿ, ದೇಗುಲ, ವೀರಗಲ್ಲು, ನಿಷಿಧಿಗಳ ಕುರಿತು ಸಾಕಷ್ಟು ಬರೆಯಲಾಗಿದೆ. ಆದರೆ ಈ ಬರವಣಿಗೆಯು ಹದಿನಾರನೆಯ ಶತಮಾನದ ಹೊತ್ತಿಗೆ ತಟ್ಟನೆ ನಿಂತುಬಿಡುತ್ತದೆ. ಅಲ್ಲಿಂದ ಮುಂದಿನ ನಾಲ್ಕು ನೂರು ವರ್ಷಗಳನ್ನು ಪುರಾತತ್ತ್ವಜ್ಞರು ಕಾಗದಪತ್ರಗಳ ಇತಿಹಾಸಕಾರರಿಗೆ ಒಪ್ಪಿಸಿ ಕೈತೊಳೆದುಕೊಂಡಂತೆ ಕಾಣುತ್ತದೆ. ದಾಖಲೆಗಳಿರುವ ಕಾಲಕ್ಕೆ ಗುದ್ದಲಿ ಏಕೆ ಎಂಬ ಪ್ರಶ್ನೆ ಇದರ ಹಿಂದಿದೆ.

ಪ್ರಸ್ತುತ ಲೇಖನದ ಉದ್ದೇಶ ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ಆಗಿದೆ. ಈ ಐದು ತಾಲೂಕುಗಳ ಮಟ್ಟಿಗೆ ದಾಖಲೆಗಳು ಹೇರಳವಾಗಿವೆ ಎಂಬುದು ನಿಜ. ಆದರೆ ಅವು ಯಾರ ಕುರಿತು ಮಾತನಾಡುತ್ತವೆ, ಯಾರ ಕುರಿತು ಮೌನವಾಗಿವೆ ಎಂಬುದನ್ನು ಗಮನಿಸಿದರೆ ನೆಲದೊಳಗಿನ ಸಾಕ್ಷ್ಯದ ಅಗತ್ಯ ಸ್ಪಷ್ಟವಾಗುತ್ತದೆ.

ಪರಿಭಾಷೆ ಮತ್ತು ಹಿನ್ನೆಲೆ

ಆರಂಭಿಕ ಆಧುನಿಕ ಕಾಲವೆಂದು ಸ್ಥೂಲವಾಗಿ ಹದಿನಾರರಿಂದ ಹದಿನೆಂಟನೆಯ ಶತಮಾನದವರೆಗಿನ ಅವಧಿಯನ್ನು ಕರೆಯುವ ರೂಢಿಯಿದೆ. ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಈ ಕಾಲದ ಪುರಾತತ್ತ್ವಕ್ಕೆ ಮೀಸಲಾದ ವಿದ್ವತ್ ಸಂಸ್ಥೆಗಳು 1967ರಲ್ಲಿಯೇ ಹುಟ್ಟಿಕೊಂಡವು. ಸಮಕಾಲೀನ ಬದುಕನ್ನೇ ಪುರಾತತ್ತ್ವದ ವಿಧಾನದಿಂದ ನೋಡುವ ಪ್ರಯತ್ನ ಅದರ ಬೆನ್ನಿಗೇ ಬಂದಿತು. ಅಮೆರಿಕದ ಟೂಸಾನ್ ನಗರದಲ್ಲಿ ವಿಲಿಯಂ ರಾಥ್ಜೆ 1973ರಲ್ಲಿ ಆರಂಭಿಸಿದ ಮನೆಗಸದ ಅಧ್ಯಯನವು ಇದಕ್ಕೆ ಪ್ರಸಿದ್ಧ ನಿದರ್ಶನ. ಜನರು ತಾವು ಬಳಸುತ್ತೇವೆಂದು ಹೇಳುವುದಕ್ಕೂ ಅವರ ತಿಪ್ಪೆಯಲ್ಲಿ ಸಿಗುವುದಕ್ಕೂ ತಾಳೆಯಾಗುವುದಿಲ್ಲ ಎಂಬುದನ್ನು ಆ ಅಧ್ಯಯನ ತೋರಿಸಿಕೊಟ್ಟಿತು. ನಮ್ಮ ಹಳ್ಳಿಯ ತಿಪ್ಪೆಗಳಿಗೂ ಇದು ಅನ್ವಯಿಸದಿರಲಾರದು.

ಕರ್ನಾಟಕದಲ್ಲಿ ಹಂಪಿಯ ಪರಿಸರದಲ್ಲಿ 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್, ಅನಂತರ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ನಡೆಸಿದ ಸಮೀಕ್ಷೆಗಳು ರಾಜಧಾನಿಯ ಅರಮನೆ-ದೇಗುಲಗಳಾಚೆಗೆ ಕೆರೆ, ಕಾಲುದಾರಿ, ಹೊಲದ ಒಡ್ಡು, ಮಡಕೆಚೂರುಗಳನ್ನೂ ಆಧಾರವೆಂದು ಪರಿಗಣಿಸಿದವು. ಚಿಕ್ಕೋಡಿ ಸೀಮೆಗೆ ಹತ್ತಿರದ ನಿದರ್ಶನವೆಂದರೆ ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬ. ಅಲ್ಲಿ 1945-46ರಲ್ಲಿ ಎಚ್.ಡಿ. ಸಾಂಕಲಿಯಾ ಮತ್ತು ಎಂ.ಜಿ. ದೀಕ್ಷಿತರು ನಡೆಸಿದ ಉತ್ಖನನದಲ್ಲಿ ಶಾತವಾಹನ ಸ್ತರಗಳೇ ಹೆಚ್ಚು ಹೆಸರುವಾಸಿಯಾದವು. ಆದರೂ ಮೇಲಿನ ಬಹಮನಿ ಸ್ತರವನ್ನು ಅವರು ಕೆದರಿ ಬಿಸಾಡಲಿಲ್ಲ. ಅದರೊಳಗಿನ ಬಹುವರ್ಣದ ಗಾಜಿನ ಬಳೆಗಳನ್ನು ನಾಣ್ಯಗಳ ನೆರವಿನಿಂದ ಕಾಲಬದ್ಧಗೊಳಿಸಿ 1952ರ ವರದಿಯಲ್ಲಿ ದಾಖಲಿಸಿದರು. ಮೇಲ್‌ಸ್ತರವನ್ನು ಕಸವೆಂದು ಬಗೆಯದ ಆ ಎಚ್ಚರ ಮುಂದಿನ ಹಲವು ಉತ್ಖನನಗಳಲ್ಲಿ ಅಪರೂಪವಾಯಿತೆಂದೇ ಹೇಳಬೇಕು.

ಕಾಗದಗಳು ಹೇಳುವುದು, ಹೇಳದಿರುವುದು

ಬಿಜಾಪುರದ ಆದಿಲಶಾಹಿ ಅರಸರ ಕಾಲದಲ್ಲಿ ಅಥಣಿ ಮತ್ತು ರಾಯಬಾಗಗಳು ರಾಜಧಾನಿಯನ್ನು ಪಶ್ಚಿಮ ಕರಾವಳಿಗೆ ಜೋಡಿಸುವ ವ್ಯಾಪಾರಮಾರ್ಗದ ಪೇಟೆಗಳಾಗಿದ್ದವು. ಹದಿನೇಳನೆಯ ಶತಮಾನದ ಇಂಗ್ಲಿಷ್ ಕಂಪನಿಯ ಪತ್ರವ್ಯವಹಾರದಲ್ಲಿ ಈ ಎರಡೂ ಊರುಗಳ ಹೆಸರು ಬರುತ್ತದೆ. ಜರ್ಮನ್ ಪ್ರವಾಸಿ ಮ್ಯಾಂಡೆಲ್‌ಸ್ಲೊನ ಹೆಸರಿನಲ್ಲಿರುವ 1639ರ ಪ್ರವಾಸಕಥನವೂ ಗೋವೆಯಿಂದ ಬಿಜಾಪುರದ ದಾರಿಯನ್ನು ವರ್ಣಿಸುತ್ತದೆ. ಆದರೆ ದಖ್ಖನಿನ ಈ ಭಾಗ ಅವನ ಸ್ವಂತ ಅನುಭವವಲ್ಲ, ಪುಸ್ತಕವನ್ನು ಪರಿಷ್ಕರಿಸಿದವರು ಬೇರೆಡೆಯಿಂದ ಸೇರಿಸಿದ್ದು ಎಂಬ ಸಂದೇಹವನ್ನು ವಿದ್ವಾಂಸರು ವ್ಯಕ್ತಪಡಿಸಿದ್ದಾರೆ. ಗೆಜೆಟಿಯರುಗಳು ಮಾತ್ರ ಅದನ್ನು ಪ್ರಶ್ನಿಸದೆ ಉದ್ಧರಿಸುತ್ತ ಬಂದಿವೆ. ಲಿಖಿತ ಆಧಾರವೆಂದ ಮಾತ್ರಕ್ಕೆ ಅದು ಗಟ್ಟಿ ನೆಲವಾಗುವುದಿಲ್ಲ ಎಂಬುದಕ್ಕೆ ಇದೊಂದು ಸಣ್ಣ ಉದಾಹರಣೆ.

1679ರ ಕೊನೆಯಲ್ಲಿ ಮೊಗಲ ಸೇನಾನಿ ದಿಲೇರಖಾನನ ಪಡೆ ಅಥಣಿಯನ್ನು ಸುಲಿಯಿತು. ಆಗ ಮೊಗಲರ ಪಾಳಯದಲ್ಲಿದ್ದ ಶಿವಾಜಿಯ ಮಗ ಸಂಭಾಜಿಯು ಅದೇ ದಿನಗಳಲ್ಲಿ ಆ ಪಾಳಯವನ್ನು ತೊರೆದು ಪನ್ಹಾಳಕ್ಕೆ ಮರಳಿದನು. ಈ ಘಟನೆ ಮರಾಠರ ಇತಿಹಾಸದಲ್ಲಿ ಸಂಭಾಜಿಯ ಮನಃಪರಿವರ್ತನೆಯ ಪ್ರಸಂಗವಾಗಿ ಬರುತ್ತದೆಯೇ ಹೊರತು ಅಥಣಿಯ ಪ್ರಸಂಗವಾಗಿ ಬರುವುದಿಲ್ಲ. ಸುಲಿಗೆಯ ಅನಂತರ ಪೇಟೆ ಅದೇ ಜಾಗದಲ್ಲಿ ಮತ್ತೆ ತಲೆಯೆತ್ತಿತೇ, ಪಕ್ಕಕ್ಕೆ ಸರಿಯಿತೇ, ಎಷ್ಟು ಕಾಲ ಮನೆಗಳು ಪಾಳುಬಿದ್ದಿದ್ದವು ಎಂಬುದನ್ನು ಹಳೆಯ ಊರಿನ ಭಾಗದಲ್ಲಿ ಬಾವಿಯನ್ನೋ ಅಡಿಪಾಯವನ್ನೋ ತೋಡುವಾಗ ಸಿಗಬಹುದಾದ ಸುಟ್ಟ ಮಣ್ಣಿನ ಸ್ತರವೊಂದೇ ಹೇಳಬಲ್ಲದು.

1686ರಲ್ಲಿ ಬಿಜಾಪುರ ಪತನವಾದ ಮೇಲೆ ಈ ಸೀಮೆಯ ಒಡೆತನ ಬಹಳ ಜಟಿಲವಾಯಿತು. ಚಿಕ್ಕೋಡಿಯ ಮೇಲೆ ಕೊಲ್ಹಾಪುರದ ಛತ್ರಪತಿಗಳಿಗೂ ಪೇಶ್ವೆಗಳಿಗೂ ದೀರ್ಘಕಾಲದ ವ್ಯಾಜ್ಯವಿತ್ತು. 1827ರ ಒಪ್ಪಂದದಿಂದ ಅದು ಬ್ರಿಟಿಷರ ವಶವಾಯಿತು. ನಿಪ್ಪಾಣಿಯನ್ನು ಸಿದ್ಧೋಜಿರಾವ್ ನಿಂಬಾಳ್ಕರ ದೇಸಾಯಿ ಆಳುತ್ತಿದ್ದನು. ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಅಪ್ಪಾ ದೇಸಾಯಿಯೆಂದು ಉಲ್ಲೇಖಗೊಂಡಿರುವವನು ಇವನೇ. ರಾಯಬಾಗ 1949ರ ವಿಲೀನದವರೆಗೂ ಕೊಲ್ಹಾಪುರ ಸಂಸ್ಥಾನದ ಭಾಗವಾಗಿತ್ತು. ಕೃಷ್ಣೆಯ ದಂಡೆಯ ಹಲವು ಹಳ್ಳಿಗಳು ಪಟವರ್ಧನ ಮನೆತನದ ಬೇರೆಬೇರೆ ಶಾಖೆಗಳಿಗೆ ಹಂಚಿಹೋಗಿದ್ದವು. 1956ರಲ್ಲಿ ರಾಜ್ಯ ಪುನರ್ವಿಂಗಡಣೆಯಾದಾಗ ಬೆಳಗಾವಿ ಜಿಲ್ಲೆ ಚಂದಗಡ ತಾಲೂಕನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ನಿಪ್ಪಾಣಿ ಮತ್ತು ಕಾಗವಾಡಗಳು ಪ್ರತ್ಯೇಕ ತಾಲೂಕುಗಳಾಗಿ ಕಾರ್ಯಾರಂಭ ಮಾಡಿದ್ದು 2018ರಲ್ಲಿ.

ಇದರ ಫಲವಾಗಿ ಈ ಸೀಮೆಯ ದಾಖಲೆಗಳು ಪಾರಸಿ, ಮೋಡಿ, ಕನ್ನಡ, ಇಂಗ್ಲಿಷ್ ಎಂಬ ನಾಲ್ಕು ಬಗೆಯ ಬರಹಗಳಲ್ಲಿ, ಕೊಲ್ಹಾಪುರ, ಪುಣೆ, ಮುಂಬಯಿ, ಬೆಂಗಳೂರು, ಲಂಡನ್ನುಗಳಲ್ಲಿ ಚದುರಿವೆ. ಒಂದೇ ಹಳ್ಳದ ಆಚೀಚೆಯ ಎರಡು ಊರುಗಳ ಲೆಕ್ಕ ಎರಡು ದಫ್ತರಗಳಲ್ಲಿ ಎರಡು ಬಗೆಯಲ್ಲಿ ಬರೆದಿರುತ್ತದೆ. ಒಂದರಲ್ಲಿ ಇರುವ ಬಾಬು ಇನ್ನೊಂದರಲ್ಲಿ ಇಲ್ಲದಿದ್ದರೆ ಅದು ನಿಜವಾಗಿ ಆ ಊರಿನಲ್ಲಿ ಇರಲಿಲ್ಲವೋ ಅಥವಾ ಬರೆದುಕೊಳ್ಳುವ ಕ್ರಮವಿರಲಿಲ್ಲವೋ ಎಂದು ನಿರ್ಧರಿಸುವುದು ಕಠಿಣ. ಮಡಕೆಗೆ, ಹಂಚಿಗೆ, ಬಳೆಗೆ ಇಂಥ ಗಡಿಯಿಲ್ಲ. ಸಂಸ್ಥಾನದ ಹಳ್ಳಿಯನ್ನೂ ಖಾಲಸಾ ಹಳ್ಳಿಯನ್ನೂ ಒಂದೇ ಅಳತೆಗೋಲಿನಿಂದ ಹೋಲಿಸುವ ಸಾಧ್ಯತೆಯನ್ನು ಭೌತಿಕ ಆಧಾರಗಳು ಒದಗಿಸುತ್ತವೆ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಈ ದಫ್ತರಗಳೆಲ್ಲ ಮೂಲತಃ ಭೂಮಿ, ವತನ, ಇನಾಮು, ಕಂದಾಯಗಳಿಗೆ ಸಂಬಂಧಿಸಿದವು. ಭೂಮಿಯಿಲ್ಲದವರು ಇವುಗಳಲ್ಲಿ ಸುಳಿಯುವುದು ಅಪರಾಧಿಗಳಾಗಿಯೋ ಬಿಟ್ಟಿ ಚಾಕರಿಯವರಾಗಿಯೋ ಮಾತ್ರ.

ಕಾಲನಿರ್ಣಯದ ಸಾಧನಗಳು

ಈ ಕಾಲದ ಸ್ತರಗಳನ್ನು ಗುರುತಿಸಲು ಪ್ರಯೋಗಾಲಯಕ್ಕಿಂತ ಮೊದಲು ಕಣ್ಣು ಬೇಕು. ಕಳೆದ ನಾಲ್ಕು ಶತಮಾನಗಳಿಗೆ ಇಂಗಾಲದ ಕಾಲಗಣನೆಯು ಅಷ್ಟು ಸೂಕ್ಷ್ಮವಾಗಿ ಒದಗಿ ಬರುವುದಿಲ್ಲ. ಅದಕ್ಕೆ ಬದಲಾಗಿ, ಯಾವಾಗ ಬಂತೆಂದು ತಿಳಿದಿರುವ ವಸ್ತುಗಳನ್ನು ಆಧರಿಸಬೇಕಾಗುತ್ತದೆ.

ಇಂಥ ವಸ್ತುಗಳಲ್ಲಿ ಈ ಸೀಮೆಗೆ ಅತ್ಯಂತ ಸೂಕ್ತವಾದದ್ದು ಮಣ್ಣಿನ ಚಿಲುಮೆ. ಅಕ್ಬರನ ರಾಯಭಾರಿಯಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಅಲ್ಲಿ ಮೊದಲ ಬಾರಿಗೆ ತಂಬಾಕನ್ನು ಕಂಡು, ಸುಮಾರು 1604ರಲ್ಲಿ ಅದನ್ನೂ ಸೇದುವ ಕೊಳವೆಯನ್ನೂ ಮೊಗಲ ದರಬಾರಿಗೆ ಒಯ್ದ ಸಂಗತಿಯನ್ನು ಸ್ವತಃ ಬರೆದಿದ್ದಾನೆ. ಉತ್ತರ ಭಾರತಕ್ಕೆ ಹೊಸದಾಗಿದ್ದ ಈ ಸೊಪ್ಪು ಬಿಜಾಪುರದ ಪೇಟೆಯಲ್ಲಿ ಆಗಲೇ ಬಳಕೆಯಲ್ಲಿತ್ತು. ಆದ್ದರಿಂದ ಬಿಜಾಪುರಕ್ಕೆ ಸನಿಹದ ಅಥಣಿ-ರಾಯಬಾಗಗಳ ಪಾಳುದಿಬ್ಬಗಳಲ್ಲಿ ತಂಬಾಕಿನ ಚಿಲುಮೆಯ ತುಣುಕು ದೊರೆತ ಸ್ತರ ಸಾಮಾನ್ಯವಾಗಿ ಹದಿನಾರನೆಯ ಶತಮಾನದ ಕೊನೆಗಿಂತ ಹಿಂದಿನದಾಗಿರಲಾರದು. ಇದೇ ಸೀಮೆಯ ನಿಪ್ಪಾಣಿ ಮುಂದೆ ಬೀಡಿ ತಂಬಾಕಿನ ದೊಡ್ಡ ಪೇಟೆಯಾಯಿತು ಎಂಬುದನ್ನು ನೆನೆದರೆ, ಚಿಲುಮೆಯ ಬೋಕಿಯಿಂದ ತಂಬಾಕಿನ ವಖಾರಿಯವರೆಗೆ ಕಡಿಯದ ಒಂದು ಎಳೆ ನೆಲದಲ್ಲಿಯೇ ದೊರೆಯುತ್ತದೆ. ಕಾಗದಗಳಲ್ಲಿ ಈ ಎಳೆಯನ್ನು ಹಿಡಿಯುವುದು ಕಷ್ಟ.

ನಾಣ್ಯಗಳ ವಿಷಯದಲ್ಲಿ ಎಚ್ಚರ ಅಗತ್ಯ. 1674ರಿಂದ ಟಂಕಿಸಲಾದ ಶಿವರಾಯಿ ತಾಮ್ರದ ನಾಣ್ಯಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೂ ಚಲಾವಣೆಯಲ್ಲಿದ್ದವು. ಹೀಗಾಗಿ ಶಿವರಾಯಿ ಸಿಕ್ಕಿತೆಂದು ಸ್ತರವನ್ನು ಶಿವಾಜಿಯ ಕಾಲಕ್ಕೆ ಒಯ್ಯುವುದು ತಪ್ಪಾದೀತು. 1835ರ ಕಂಪನಿ ನಾಣ್ಯ, 1957ರ ದಶಮಾನ ಪದ್ಧತಿಯ ನಯೇ ಪೈಸೆ ಇವು ಹೆಚ್ಚು ನಿಖರವಾದ ಗಡಿಗಳು. ಆದರೂ ಇವು ಸ್ತರ ಇದಕ್ಕಿಂತ ಹಿಂದಿನದಲ್ಲ ಎಂದು ಹೇಳುತ್ತವೆಯೇ ಹೊರತು ಇದೇ ವರ್ಷದ್ದು ಎಂದು ಹೇಳುವುದಿಲ್ಲ.

ಮಂಗಳೂರು ಹಂಚಿನದೂ ಇದೇ ಕಥೆ. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು 1865ರಲ್ಲಿ. ಭಾರವಾದ ಈ ಸರಕು ಒಳನಾಡಿನ ಸಾಮಾನ್ಯರ ಮನೆಯನ್ನು ಮುಟ್ಟಬೇಕಾದರೆ ರೈಲು ಬರಬೇಕಾಯಿತು. ಈ ಐದು ತಾಲೂಕುಗಳಲ್ಲಿ ಮಳೆ ಹೆಚ್ಚಿರುವ ನಿಪ್ಪಾಣಿ-ಚಿಕ್ಕೋಡಿಗಳ ಕಡೆ ಇಳಿಜಾರು ಹಂಚಿನ ಮನೆಗಳೂ, ಅಥಣಿಯ ಕಡೆ ಮಣ್ಣಿನ ಮೇಲ್ಮುದ್ದೆಯ ಮನೆಗಳೂ ರೂಢಿಯಲ್ಲಿದ್ದವು. ಕೈಯಿಂದ ಮಾಡಿದ ನಾಡಹಂಚು, ಅಚ್ಚಿನ ಮಂಗಳೂರು ಹಂಚು, ಮೇಲ್ಮುದ್ದೆಯ ಮಣ್ಣು ಇವು ಬಿದ್ದ ಮನೆಯ ಅವಶೇಷದಲ್ಲಿ ಬೇರೆಬೇರೆ ಗುರುತುಗಳನ್ನು ಉಳಿಸುತ್ತವೆ. ಊರೂರಿನ ಮೇಲ್ಮೈ ಶೋಧದಲ್ಲಿ ಹಂಚಿನ ಚೂರುಗಳನ್ನು ಎಣಿಸಿ ನಕ್ಷೆಯ ಮೇಲೆ ಇಟ್ಟರೆ ರೈಲುನಿಲ್ದಾಣದಿಂದ ಎಷ್ಟು ಹರದಾರಿಯವರೆಗೆ ಅಚ್ಚಿನ ಹಂಚು ತಲುಪಿತ್ತೆಂಬುದನ್ನು ಕಾಣಬಹುದು. ಚಿತ್ತಾರದ ಪಿಂಗಾಣಿ ಬಸಿ, ಸೋಡಾ ಬಾಟಲಿ, ಔಷಧದ ಸೀಸೆ, ಸೀಮೆಎಣ್ಣೆಯ ಡಬ್ಬಿಗಳು ಸಹ ಇಂಥವೇ. ಇವನ್ನೆಲ್ಲ ಉತ್ಖನನಕಾರರು ಮೊದಲ ದಿನವೇ ಬುಟ್ಟಿಗೆ ಹಾಕಿ ಆಚೆ ಚೆಲ್ಲುವುದನ್ನು ಬಲ್ಲವರು ಬಲ್ಲರು.

ಹಗೇವು ಎಂಬ ಮುಚ್ಚಿದ ಪೆಟ್ಟಿಗೆ

ಈ ಪರಿಸರದ ಸಮೀಪಗತಕಾಲವನ್ನು ಅರಿಯಲು ಹಗೇವಿನಷ್ಟು ಸಮೃದ್ಧವಾದ ಆಕರ ಬೇರೊಂದಿಲ್ಲ. ಜೋಳವನ್ನು ವರ್ಷಗಟ್ಟಲೆ ಕೆಡದಂತೆ ಇಡಲು ಉತ್ತರ ಕರ್ನಾಟಕದ ಒಕ್ಕಲಿಗರು ನೆಲದಲ್ಲಿ ತೋಡಿಕೊಳ್ಳುತ್ತಿದ್ದ ಈ ಕಣಜದ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಎರೆಮಣ್ಣು ತೇವ ಹಿಡಿಯುವುದರಿಂದ ಗರಸು ನೆಲವನ್ನು ಹುಡುಕಿ, ಊರ ಅಗಸಿಯ ಬಳಿ, ವಾಡೆಯ ಅಂಗಳದಲ್ಲಿ, ಮನೆಯ ಪಡಸಾಲೆಯೊಳಗೆ ಇವನ್ನು ತೋಡಲಾಗುತ್ತಿತ್ತು. ಒಳಗೋಡೆಗೆ ಸಗಣಿ ಸಾರಿಸಿ, ತಳಕ್ಕೂ ಬದಿಗೂ ಹೊಟ್ಟು-ಕಣಿಕೆಗಳನ್ನು ಹಾಕಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣೆಳೆಯುತ್ತಿದ್ದರು. ತೆರೆಯುವಾಗ ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದನು. ಹಗೇವಿನಲ್ಲಿ ಉಸಿರುಗಟ್ಟಿ ಸತ್ತವರ ಕಥೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಪರೂಪವಲ್ಲ.

ಪುರಾತತ್ತ್ವದ ದೃಷ್ಟಿಯಿಂದ ಹಗೇವಿಗೆ ಎರಡು ಜೀವನಗಳಿವೆ. ಕಾಳು ತುಂಬಿದ್ದ ಕಾಲ ಮೊದಲನೆಯದು. ತಳದ ಹೊಟ್ಟು, ಸುಟ್ಟ ಕಾಳು, ಗೋಡೆಯ ಸಾರಣೆಯ ಪದರಗಳಿಂದ ಎಂಥ ಬೆಳೆಯನ್ನು ಇಡುತ್ತಿದ್ದರು, ಎಷ್ಟು ಬಾರಿ ಸಾರಿಸಿ ಮತ್ತೆ ತುಂಬಿದರು ಎಂಬುದು ತಿಳಿಯುತ್ತದೆ. ಕಾಳು ಇಡುವುದನ್ನು ಬಿಟ್ಟ ಮೇಲಿನದು ಎರಡನೆಯದು. ಖಾಲಿ ಹಗೇವು ದನಕರುಗಳಿಗೆ, ಮಕ್ಕಳಿಗೆ ಅಪಾಯಕಾರಿಯಾದ್ದರಿಂದ ಅದನ್ನು ಮನೆಯ ಕಸ, ಬಿದ್ದ ಗೋಡೆಯ ಮಣ್ಣು, ಒಡೆದ ಪಾತ್ರೆಗಳಿಂದ ತುಂಬಿಸಿಬಿಡುತ್ತಾರೆ. ಹೀಗೆ ಅಲ್ಪಕಾಲದಲ್ಲಿ ತುಂಬಿ ಮುಚ್ಚಿಹೋದ ಗುಂಡಿಯು ಒಂದು ಮನೆತನದ ಒಂದು ಕಾಲಘಟ್ಟದ ವಸ್ತುಗಳನ್ನು ಕಲಬೆರಕೆಯಿಲ್ಲದೆ ಕಾಪಾಡುತ್ತದೆ. ದಿಬ್ಬದ ಮೇಲಿನ ಸ್ತರಗಳು ಉಳುಮೆಯಿಂದ, ಮಣ್ಣು ಒಯ್ಯುವುದರಿಂದ ಕದಡಿದ್ದರೂ ಹಗೇವಿನ ಒಡಲು ಭದ್ರವಾಗಿರುತ್ತದೆ.

ಇಲ್ಲಿ ಕೇಳಬೇಕಾದ ಪ್ರಶ್ನೆ, ಈ ಸೀಮೆಯ ಹಗೇವುಗಳು ಯಾವಾಗ ಮುಚ್ಚಿದವು ಎಂಬುದು. 1876-78ರ ಘೋರ ಕ್ಷಾಮದಲ್ಲಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು ತತ್ತರಿಸಿದವು. ಮಳೆಗೊರತೆಯ ಅಥಣಿಗೆ ಅದರ ಪೆಟ್ಟು ಬಲವಾಗಿಯೇ ತಟ್ಟಿತು. ಕ್ಷಾಮ ಆಯೋಗದ ವರದಿ 1880ರಲ್ಲಿ ಬಂದ ಮೇಲೆ, ಬರಗಾಲದಲ್ಲಿ ಧಾನ್ಯ ಸಾಗಿಸುವುದಕ್ಕಾಗಿ ರೈಲುಮಾರ್ಗಗಳನ್ನು ಹಾಕುವ ಕಾರ್ಯ ಚುರುಕಾಯಿತು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಪುಣೆಯಿಂದ ಮಿರಜ, ಬೆಳಗಾವಿಗಳ ಮೂಲಕ ಲೋಂಡಾವರೆಗಿನ ಮೀಟರ್‌ಗೇಜ್ ಮಾರ್ಗವನ್ನು 1890ರ ಹೊತ್ತಿಗೆ ಪೂರ್ಣಗೊಳಿಸಿತು. ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳು ಈ ಮಾರ್ಗದಲ್ಲಿವೆ. ಬರಕ್ಕೆ ಕಾಳು ತರಲೆಂದು ಬಂದ ರೈಲು, ಸುಗ್ಗಿಯಲ್ಲಿ ಕಾಳನ್ನು ಹೊರಗೆ ಒಯ್ಯುವ ದಾರಿಯೂ ಆಯಿತೆಂಬುದು ಆ ಕಾಲದ ಆರ್ಥಿಕ ಇತಿಹಾಸದಲ್ಲಿ ಬಹುಚರ್ಚಿತ ವಿಷಯ. ಮನೆಯ ಹಗೇವು ಬರಿದಾಗಿ ಒಕ್ಕಲಿಗನು ಸಾಹುಕಾರನ ಅಂಗಡಿಯನ್ನು ನೆಚ್ಚಿಕೊಂಡದ್ದು ರೈಲಿನ ತರುವಾಯವೋ, ಅದಕ್ಕೂ ಮೊದಲಿನ ಕ್ಷಾಮದಲ್ಲಿಯೋ, ಅಥವಾ ಎರಡನೆಯ ಮಹಾಯುದ್ಧ ಕಾಲದ ಧಾನ್ಯನಿಯಂತ್ರಣದಲ್ಲಿಯೋ? ರೈಲುನಿಲ್ದಾಣದ ಸಮೀಪದ ಹತ್ತು ಹಗೇವು, ದೂರದ ಹತ್ತು ಹಗೇವುಗಳ ತುಂಬುಮಣ್ಣನ್ನು ಕ್ರಮಬದ್ಧವಾಗಿ ಪರಿಶೀಲಿಸಿದರೆ ಸಾಕು. ತುಂಬುಮಣ್ಣಿನ ಕೆಳಪದರದಲ್ಲಿ ನಾಡಹಂಚು, ಮಣ್ಣಿನ ಹಣತೆಗಳಷ್ಟೇ ಇದ್ದರೆ ಒಂದು ಉತ್ತರ, ಅಚ್ಚಿನ ಹಂಚು, ಸೀಮೆಎಣ್ಣೆ ದೀಪದ ಗಾಜು ಇದ್ದರೆ ಇನ್ನೊಂದು, ಪ್ಲಾಸ್ಟಿಕ್ ಬಳೆ ಇದ್ದರೆ ಮತ್ತೊಂದು. ಕ್ಷಾಮದ ಇತಿಹಾಸ ಬರೆದವರೆಲ್ಲ ಸರ್ಕಾರದ ಅಂಕಿಗಳನ್ನು ನೆಚ್ಚಿದ್ದಾರೆ. ಒಂದು ಮನೆಯಲ್ಲಿ ಕಾಳು ಎಂದು ಮುಗಿಯಿತೆಂಬ ಲೆಕ್ಕ ಆ ಮನೆಯ ನೆಲದಲ್ಲಿದೆ.

ತೊಗಲಿನ ತೊಟ್ಟಿ ಮತ್ತು ಬೀಡಿಯ ಮನೆ

ಅಥಣಿ, ಮದಭಾವಿ, ನಿಪ್ಪಾಣಿಗಳಲ್ಲಿ ತಯಾರಾಗುವ ಚಪ್ಪಲಿಗಳು ಕೊಲ್ಹಾಪುರದ ಹೆಸರಿನಲ್ಲಿ ಲೋಕಪ್ರಸಿದ್ಧವಾಗಿವೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಾಗ ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು. ಈ ಮಾನ್ಯತೆಯ ಸುತ್ತ ನಡೆದ ಚರ್ಚೆಯಲ್ಲಿ ಕಸುಬು ಎಷ್ಟು ಹಳೆಯದೆಂಬ ಪ್ರಶ್ನೆಗೆ ಹನ್ನೆರಡನೆಯ ಶತಮಾನದ ಶರಣರಿಂದ ಹಿಡಿದು ಶಾಹೂ ಮಹಾರಾಜರವರೆಗೆ ನಾನಾ ಉತ್ತರಗಳು ಬಂದವು. ಹಳೆಯ ತೊಟ್ಟಿಯೊಂದರ ಅಳತೆ ಮಾತ್ರ ಯಾ‌ರ ಕೈಯಲ್ಲಿಯೂ ಇರಲಿಲ್ಲ.

ಚರ್ಮ ಹದಮಾಡುವ ಢೋರ ಸಮುದಾಯದವರ ಕೆಲಸದ ನೆಲೆ ಊರಿನ ಅಂಚಿನಲ್ಲಿ, ನೀರಿನ ಆಸರೆಯಲ್ಲಿ ಇರುತ್ತಿತ್ತು. ಸುಣ್ಣದ ಗುಂಡಿಯಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಚೀಲದಂತೆ ಹೊಲಿದು, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ರಸ ತುಂಬಿ ತೂಗುಹಾಕುವುದು ಇಲ್ಲಿನ ಪದ್ಧತಿ. ಹೀಗೆ ಹದಗೊಂಡ ತೊಗಲು ಸಮಗಾರರ ಕೈ ಸೇರಿ ಚಪ್ಪಲಿಯಾಗುತ್ತದೆ. ಸುಣ್ಣ ಗಟ್ಟಿಯಾಗಿ ಅಂಟಿಕೊಂಡ ಕಲ್ಲಿನ ತೊಟ್ಟಿ, ಸುಣ್ಣದ ಕಸದ ಬಿಳಿ ಪದರ, ಅಳಲೆಯ ಗಟ್ಟಿ ಬೀಜ, ಕೊಂಬು-ಗೊರಸುಗಳ ರಾಶಿ ಇವು ನೆಲದಲ್ಲಿ ಉಳಿಯುವ ವಸ್ತುಗಳು. ತೊಗಲು ತಾನೇ ಕೊಳೆತುಹೋದರೂ ಕಸುಬು ತನ್ನ ಗುರುತನ್ನು ಬಿಟ್ಟಿರುತ್ತದೆ. ಹದಮಾಡಿದ ಚರ್ಮವನ್ನು ಹೊರಗಿನಿಂದ ಕೊಳ್ಳುವುದು ಹೆಚ್ಚುತ್ತಿದ್ದಂತೆ ಈ ತೊಟ್ಟಿಗಳು ಉಪಯೋಗ ತಪ್ಪಿ ಮುಚ್ಚಿಹೋಗುತ್ತಿವೆ. ಅವುಗಳ ಸಂಖ್ಯೆ, ಅಳತೆ, ಊರಿನಿಂದ ಇರುವ ದೂರ ಇಷ್ಟನ್ನು ದಾಖಲಿಸಿದರೂ ಕಸುಬಿನ ಗಾತ್ರವನ್ನು ಅಂದಾಜಿಸುವುದು ಸಾಧ್ಯ. ಕೇರಿಯ ಸ್ಥಾನವೇ ಒಂದು ಐತಿಹಾಸಿಕ ಆಧಾರ. ಊರು ಬೆಳೆದು ಕೇರಿಯನ್ನು ಒಳಗೊಂಡಿತೇ, ಅಥವಾ ಕೇರಿಯನ್ನೇ ಮತ್ತೆ ಆಚೆಗೆ ನೂಕಿತೇ ಎಂಬುದನ್ನು ಕೈಬಿಟ್ಟ ತೊಟ್ಟಿಗಳ ಸಾಲು ತೋರಿಸುತ್ತದೆ. 1925ರಲ್ಲಿ ಡಾ. ಅಂಬೇಡ್ಕರರು ಪಾಲ್ಗೊಂಡ ಬಹಿಷ್ಕೃತ ಪರಿಷತ್ತು ನಡೆದ ನಿಪ್ಪಾಣಿಯ ಸೀಮೆಯಲ್ಲಿ ಇದು ಕುತೂಹಲದ ವಿಷಯವಷ್ಟೇ ಆಗಿ ಉಳಿಯಲಾರದು.

ನಿಪ್ಪಾಣಿಯ ತಂಬಾಕು ವಖಾರಿಗಳು, ಬೀಡಿ ಕಟ್ಟುವ ಮನೆಗಳು ಸಮಕಾಲೀನ ಪುರಾತತ್ತ್ವದ ವ್ಯಾಪ್ತಿಗೆ ಬರುತ್ತವೆ. ತಂಬಾಕನ್ನು ಜರಡಿ ಹಿಡಿದು ಹಸನು ಮಾಡುವ, ಬೀಡಿ ಕಟ್ಟುವ ಕೆಲಸದಲ್ಲಿ ಹೆಂಗಸರೇ ಅಧಿಕ. ಎಲೆ ಕತ್ತರಿಸುವ ತಗಡಿನ ಅಚ್ಚು, ಕತ್ತರಿ, ಮೊರಗಳನ್ನು ಇಟ್ಟುಕೊಂಡು ಬೆಳಕು ಬೀಳುವ ಬಾಗಿಲ ಬಳಿ ಕೂರುವ ಅವರ ದುಡಿಮೆಯ ಜಾಗ ಮನೆಯ ನೆಲಗಟ್ಟಿನ ಸವೆತದಲ್ಲಿ ಕಾಣಬಹುದಾದದ್ದು. ವಖಾರಿಯ ಗಾಳಿಕಂಡಿಗಳ ಎತ್ತರ, ಕಿಟಕಿಯ ಅಳತೆಗಳಿಂದ ಒಳಗಿನ ಧೂಳಿನಲ್ಲಿ ಎಷ್ಟು ಜನ ಹೇಗೆ ಕೂತಿರಬಹುದೆಂಬುದನ್ನು ಊಹಿಸಬಹುದು. ಮಜೂರಿಯ ಪುಸ್ತಕದಲ್ಲಿ ಈ ಸಂಗತಿ ಇರುವುದಿಲ್ಲ.

ಕೆಡವಿದ ಕೋಟೆ, ಕಿತ್ತ ಹಳಿ, ಅಳಿದ ಪಾಳಯ

ಅಲ್ಪಾಯುಷಿ ರಚನೆಗಳ ಅಧ್ಯಯನಕ್ಕೆ ನಿಪ್ಪಾಣಿಯೇ ಒಳ್ಳೆಯ ಕ್ಷೇತ್ರ. ಸಿದ್ಧೋಜಿರಾವ್ 1839ರಲ್ಲಿ ತೀರಿಕೊಂಡ ಮೇಲೆ ಸಂಸ್ಥಾನ ಬ್ರಿಟಿಷರ ವಶವಾಯಿತು. ಅನಂತರದ ಬಂಡಾಯವೊಂದರ ತರುವಾಯ 1840ರ ದಶಕದಲ್ಲಿ ಅಲ್ಲಿನ ಕೋಟೆಯನ್ನು ಕೆಡವಿಸಲಾಯಿತು. ಕೆಡವಿದ ಕೋಟೆಯ ಕಲ್ಲು ಎಲ್ಲಿಗೆ ಹೋಯಿತೆಂಬುದು ಸಾಮಾನ್ಯವಾಗಿ ಯಾರೂ ಕೇಳದ ಪ್ರಶ್ನೆ. ಒಂದೇ ಬಗೆಯ ಉಳಿಗೆಲಸದ ಕಲ್ಲುಗಳು ಪೇಟೆಯ ಮನೆಗಳ ಬುನಾದಿಯಲ್ಲಿ, ಬಾವಿಕಟ್ಟೆಗಳಲ್ಲಿ ಕಂಡುಬಂದರೆ ಕೋಟೆಯ ಎರಡನೆಯ ಜೀವನದ ನಕ್ಷೆಯನ್ನೇ ರಚಿಸಬಹುದು. 1990ರ ದಶಕದಲ್ಲಿ ಮಿರಜ-ಲೋಂಡಾ ಮಾರ್ಗ ಬ್ರಾಡ್‌ಗೇಜಿಗೆ ಪರಿವರ್ತನೆಗೊಂಡಾಗ ಕಿತ್ತ ಮೀಟರ್‌ಗೇಜ್ ಸಾಮಗ್ರಿಗೂ ಇದೇ ಮಾತು ಸಲ್ಲುತ್ತದೆ.

ಇದೇ ನಿಪ್ಪಾಣಿಯಲ್ಲಿ 1981ರ ಮಾರ್ಚ್ ತಿಂಗಳಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ರೈತರು ಶರದ ಜೋಶಿಯವರ ನೇತೃತ್ವದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ಸಾವಿರಾರು ಜನ ಮೂರು ವಾರಗಳಿಗೂ ಮಿಕ್ಕಿ ರಸ್ತೆಯ ಮೇಲೆಯೇ ಅಡುಗೆ, ಊಟ, ನಿದ್ರೆ ನಡೆಸಿದರು. ಏಪ್ರಿಲ್ 6ರಂದು ಗೋಲಿಬಾರು ನಡೆದು ಹಲವು ರೈತರು ಪ್ರಾಣ ಕಳೆದುಕೊಂಡರು. ಆ ಪಾಳಯ ಒಂದು ತಾತ್ಕಾಲಿಕ ಊರೇ ಆಗಿತ್ತು. ಒಲೆಗಲ್ಲು, ಬೂದಿ, ಗುಂಡಿಗಳಿಂದ ಯಾವ ಊರಿನವರು ಎಲ್ಲಿ ಬಿಡಾರ ಹೂಡಿದ್ದರು, ನೀರು ಎಲ್ಲಿಂದ ಬರುತ್ತಿತ್ತು ಎಂಬುದನ್ನು ತಿಳಿಯಬಹುದಾಗಿತ್ತು. 2000ರ ದಶಕದಲ್ಲಿ ಸುವರ್ಣ ಚತುಷ್ಪಥ ಯೋಜನೆಯಡಿ ಹೆದ್ದಾರಿ ಅಗಲವಾಯಿತು. ಈಗ ಆಧಾರವಾಗಿ ಉಳಿದಿರುವುದು ಪತ್ರಿಕೆಗಳ ವರದಿ, ಛಾಯಾಚಿತ್ರ ಮತ್ತು ವಯಸ್ಸಾಗುತ್ತಿರುವವರ ನೆನಪು.

ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆ, ಅನಂತರ ಬಂದ ದೂಧಗಂಗಾ ಕೃಷ್ಣಾ, ಹಾಲಸಿದ್ಧನಾಥ ಮೊದಲಾದ ಸಹಕಾರಿ ಕಾರ್ಖಾನೆಗಳು ಈ ಸೀಮೆಯ ಚಹರೆಯನ್ನೇ ಬದಲಿಸಿದವು. ಗಾಣದ ಮನೆಗಳು, ಬೆಲ್ಲದ ಕೊಪ್ಪರಿಗೆಯ ಒಲೆಗಳು ಹೊಲಗಳ ನಡುವೆ ಪಾಳುಬಿದ್ದವು. ಪ್ರತಿವರ್ಷ ಹಂಗಾಮಿಗೆ ಬಂದು ಹೋಗುವ ಕಬ್ಬು ಕಡಿಯುವ ಗ್ಯಾಂಗುಗಳ ಗುಡಿಸಲುಗಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹೂಡಲ್ಪಟ್ಟು ತೆಳುವಾದ ಸ್ತರಗಳನ್ನು ಬಿಡುತ್ತಿವೆ. ಚಿಂಚಲಿಯ ಮಾಯಕ್ಕನ ಜಾತ್ರೆಯ ಬಯಲೂ ಹೀಗೆಯೇ ವರ್ಷಕ್ಕೊಮ್ಮೆ ಊರಾಗಿ ಬಯಲಾಗುವ ಜಾಗ. ಪ್ರಾಚೀನ ಅಲೆಮಾರಿ ನೆಲೆಗಳನ್ನು ಅರ್ಥಮಾಡಿಕೊಳ್ಳಲು ಹೆಣಗುವವರಿಗೆ ಕಣ್ಣೆದುರಿನ ಈ ಬಯಲುಗಳು ಪಾಠಶಾಲೆಯಾಗಬಲ್ಲವು.

ಕಾನೂನು, ಹಾಳಮಣ್ಣು ಮತ್ತು ಪ್ರವಾಹ

1958ರ ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯಿದೆಯು ನೂರು ವರ್ಷ ತುಂಬಿದ ರಚನೆಗಳನ್ನು ಮಾತ್ರ ಪ್ರಾಚೀನವೆಂದು ಪರಿಗಣಿಸುತ್ತದೆ. 1972ರ ಪ್ರಾಚ್ಯವಸ್ತು ಕಾಯಿದೆಯೂ ವಸ್ತುಗಳಿಗೆ ನೂರು, ಹಸ್ತಪ್ರತಿ ಮೊದಲಾದವುಗಳಿಗೆ ಎಪ್ಪತ್ತೈದು ವರ್ಷಗಳ ಮಿತಿಯನ್ನು ಇಟ್ಟಿದೆ. ಈ ಲೆಕ್ಕದಲ್ಲಿ ಕುಡಚಿಯ ಬಳಿ ಕೃಷ್ಣೆಗೆ ಕಟ್ಟಿದ ಹತ್ತೊಂಬತ್ತನೆಯ ಶತಮಾನದ ರೈಲು ಸೇತುವೆಯ ಹಳೆಯ ಕಲ್ಲುಗೆಲಸ, ಬ್ರಿಟಿಷ್ ಭೂಮಾಪನದ ಬಾಂದಗಲ್ಲುಗಳು ಮಿತಿಯನ್ನು ದಾಟಿವೆ. ಸಂಸ್ಥಾನಗಳ ಕೊನೆಯ ವರ್ಷಗಳ ಕಟ್ಟಡ, ಸಕ್ಕರೆ ಕಾರ್ಖಾನೆ, ತಂಬಾಕಿನ ವಖಾರಿಗಳು ಇನ್ನೂ ದಾಟಿಲ್ಲ. ವರ್ಷ ತುಂಬುವ ಹೊತ್ತಿಗೆ ಅವು ಇರುವುದೇ ಎಂಬುದು ಬೇರೆ ಮಾತು. ಕಾಯಿದೆ ರಕ್ಷಣೆಗೆ ಮಿತಿ ಹಾಕಿದೆಯೇ ವಿನಾ ಅಧ್ಯಯನಕ್ಕಲ್ಲ. ಆದರೆ ಆಚರಣೆಯಲ್ಲಿ ಎರಡೂ ಒಂದಾಗಿವೆ.

ಹಳೆಯ ವಸತಿ ನೆಲೆಗಳ ಬೂದಿಬಣ್ಣದ ಹಾಳಮಣ್ಣು ಹೊಲಕ್ಕೆ ಗೊಬ್ಬರವಾಗಿ, ಮೇಲ್ಮುದ್ದೆಗೆ ಹೊದಿಕೆಯಾಗಿ ತಲೆಮಾರುಗಳಿಂದ ಗಾಡಿಯಲ್ಲಿ ಹೋಗುತ್ತಿತ್ತು. ಈಗ ಅದು ಜೆಸಿಬಿ ಮತ್ತು ಟ್ರ್ಯಾಕ್ಟರಿನಲ್ಲಿ ಹೋಗುತ್ತಿದೆ. ಗಾಡಿಗೆ ಒಂದು ತಲೆಮಾರು ಹಿಡಿಯುತ್ತಿದ್ದ ದಿಬ್ಬಕ್ಕೆ ಯಂತ್ರಕ್ಕೆ ಕೆಲವೇ ದಿನಗಳು ಸಾಕು. ಕಂದಾಯ ದಾಖಲೆಗಳಲ್ಲಿ ಬೇಚಿರಾಕ್, ಅಂದರೆ ದೀಪವಿಲ್ಲದ ಊರು ಎಂದು ನಮೂದಾಗಿರುವ ಹಾಳೂರುಗಳ ಪಟ್ಟಿಯನ್ನು ಹಿಡಿದು ಸ್ಥಳಕ್ಕೆ ಹೋದರೆ ದಿಬ್ಬದ ಬದಲಿಗೆ ಕಬ್ಬಿನ ಗದ್ದೆ ಎದುರಾಗುವ ಸಂಭವವೇ ಹೆಚ್ಚು. ಆದಾಗ್ಯೂ ಗದ್ದೆಯ ಬದುವಿನಲ್ಲಿ ಬೋಕಿ, ಬಳೆಚೂರು, ಚಿಲುಮೆಗಳು ಉಳಿದಿರುತ್ತವೆ. ಆದ್ದರಿಂದ ಮೇಲ್ಮೈ ಶೋಧವನ್ನು ಕಬ್ಬು ಕಡಿದ ಮೇಲೆ, ಕುಳೆ ಚಿಗುರುವ ಮುನ್ನ ಮಾಡತಕ್ಕದ್ದು.

ಕೃಷ್ಣೆಯ ಪ್ರವಾಹ ಮತ್ತೊಂದು ಕಾರಣ. 2005, 2019 ಮತ್ತು 2021ರಲ್ಲಿ ಅಥಣಿ, ಕಾಗವಾಡ, ಚಿಕ್ಕೋಡಿ, ರಾಯಬಾಗಗಳ ನದಿದಂಡೆಯ ಊರುಗಳು ಮುಳುಗಿದವು. ಮಣ್ಣಿನ ಗೋಡೆಯ ಮನೆಗಳು ನೀರಿನಲ್ಲಿ ಕುಸಿದವು. ಎತ್ತರದ ಜಾಗಕ್ಕೆ ಸ್ಥಳಾಂತರಿಸುವ ಮಾತು ಪ್ರತಿ ಪ್ರವಾಹದ ಅನಂತರವೂ ಕೇಳಿಬರುತ್ತದೆ. ಸ್ಥಳಾಂತರವೆಂದರೆ ಹೊಸ ಹಾಳೂರುಗಳ ಹುಟ್ಟು. ಯಾವ ಮನೆ ಯಾರದು, ಯಾವ ಕೋಣೆ ಯಾವುದಕ್ಕೆ, ಹಗೇವು ಎಲ್ಲಿತ್ತು ಎಂದು ಹೇಳಬಲ್ಲವರು ಇಂದು ಜೊತೆಗೇ ಇದ್ದಾರೆ. ಪ್ರಾಚೀನ ನೆಲೆಯನ್ನು ಅಗೆಯುವ ಯಾವ ಪುರಾತತ್ತ್ವಜ್ಞನಿಗೂ ದೊರೆಯದ ಸೌಲಭ್ಯ ಇದು. ಅವರ ಒಪ್ಪಿಗೆಯಿಲ್ಲದೆ ಅಳತೆ ಮಾಡುವುದಾಗಲಿ, ಮನೆತನದ ಸಾಲ-ಸೋಲ, ಜಾತಿ-ಕಲಹಗಳ ವಿವರವನ್ನು ಅಚ್ಚು ಹಾಕುವುದಾಗಲಿ ಸಲ್ಲದು. ಮೃತರ ಪುರಾತತ್ತ್ವದಲ್ಲಿ ಏಳದ ಈ ಪ್ರಶ್ನೆ ಇಲ್ಲಿ ಮೊದಲ ಹೆಜ್ಜೆಯಲ್ಲಿಯೇ ಏಳುತ್ತದೆ.

ನೆರೆಯ ಅನಂತರ ಪರಿಹಾರಕ್ಕಾಗಿ ಗ್ರಾಮ ಆಡಳಿತ ಅಧಿಕಾರಿ ಮತ್ತು ಅಭಿಯಂತರರು ಬಿದ್ದ ಮನೆಗಳ ಪಟ್ಟಿ ಮಾಡಿ ಛಾಯಾಚಿತ್ರ ತೆಗೆಯುತ್ತಾರೆ. ಆ ಪಂಚನಾಮೆಯ ಜೊತೆಯಲ್ಲಿ ಪಕ್ಕದ ಕಾಲೇಜಿನ ಇತಿಹಾಸ ವಿಭಾಗದ ಇಬ್ಬರು ವಿದ್ಯಾರ್ಥಿಗಳು ಅಳತೆಪಟ್ಟಿ ಹಿಡಿದು ಹೋದರೂ ಮನೆಯ ನಕ್ಷೆ, ಚಾವಣಿಯ ಬಗೆ, ಹಂಚಿನ ಮುದ್ರೆ, ಹಗೇವಿನ ಬಾಯಿ ಇಷ್ಟು ದಾಖಲಾಗುತ್ತವೆ. ಅವಶೇಷವನ್ನು ತೆರವುಗೊಳಿಸುವ ಯಂತ್ರ ಬರುವುದು ಪರಿಹಾರದ ಮೊದಲ ಕಂತಿನ ತರುವಾಯ. ಅಷ್ಟರೊಳಗೆ ಸಿಗುವ ಅವಧಿ ಸಾಮಾನ್ಯವಾಗಿ ಕೆಲವು ವಾರಗಳು.